ಸುದ್ದಿಯ ಹಿಂದಿನ ಕಾಗದ

ಮೇಡಂ ತೀರಿಕೊಂಡರು ಅನ್ನುವ ಸುದ್ದಿ ನನಗೆ ವಾಟ್ಸಾಪ್‌ನಲ್ಲಿ ಬಂತು. ಬೆಳಗಿನ ಹತ್ತೂವರೆ. ಆಫೀಸಿಗೆ ಬಂದು ಆಗಷ್ಟೇ ಕೂತಿದ್ದೆ. ಕಳಿಸಿದವರು ತಮಗೆ ಬಂದದ್ದನ್ನು ನನಗೆ ದಾಟಿಸಿದ್ದರು, ಅಷ್ಟೇ. ನಾನು ನಂಬದೆ ಭದ್ರಾವತಿಯಲ್ಲಿರುವ ಅವರ ಅಣ್ಣನಿಗೆ ಫೋನ್ ಮಾಡಿದೆ. "ಹೌದಮ್ಮ, ಬೆಳಗ್ಗೆ ಆರು ಗಂಟೆಗೆ," ಅಂದರು. ಆಮೇಲೆಯೇ ನನಗೆ ಅಳು ಬಂದದ್ದು. ಹೀಗೆ ಮೊದಲು ವಿಚಾರಿಸಿ ಆಮೇಲೆ ನಂಬುವುದನ್ನು ಕಲಿಸಿದವರೇ ಅವರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಅವರ ಬಗ್ಗೆ ಬರೆಯುತ್ತೇನೆ ಅಂತ ಹೋಗಿದ್ದಾಗ, "ಬರಿ ಮಾರಾಯ್ತಿ, ಹೆಸರು ಮಾತ್ರ ಹಾಕಬೇಡ. ಸರ್ಕಾರಿ ಸಂಬಳ ತಗೊಂಡು ಸರ್ಕಾರಿ ಕಾಗದ ತೋರಿಸಿದ್ದೀನಿ. ಅದರಲ್ಲಿ ನನ್ನ ಹೆಸರಿಗೇನು ಕೆಲಸ?" ಅಂದಿದ್ದರು. ಶಿವಮೊಗ್ಗದಲ್ಲಿ ದುರ್ಗಿಗುಡಿಗೆ ಹತ್ತಿರದ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಗ್ರಂಥಪಾಲಕಿಯಾಗಿದ್ದರು. ಓದಲು ಬರುವ ಎಲ್ಲರಿಗೂ ಅವರು ಬರೀ ಮೇಡಂ. ಹುಟ್ಟಿದ್ದು, ಬೆಳೆದದ್ದು ಭದ್ರಾವತಿಯಲ್ಲಿ. ತಂದೆ ಕಾರ್ಖಾನೆಯ ಲಾರಿ ಓಡಿಸುತ್ತಿದ್ದರಂತೆ. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಅದಕ್ಕೆ ಯಾವ ಆದೇಶವೂ ಬರಲಿಲ್ಲ," ಅನ್ನುತ್ತಿದ್ದರು. ನಗುತ್ತಿರಲಿಲ್ಲ.

ನಾನು ಹೊಳೆಹೊನ್ನೂರಿನವಳು. ಓದು ಮುಗಿಸಿ ಶಿವಮೊಗ್ಗದ ಒಂದು ಸ್ಥಳೀಯ ದಿನಪತ್ರಿಕೆಗೆ ವರದಿಗಾರ್ತಿಯಾಗಿ ಸೇರಿ ಮೂರು ತಿಂಗಳಾಗಿತ್ತು. ಜುಲೈ ತಿಂಗಳು. ಒಂದು ವಾರ ಬಿಡದೆ ಮಳೆ ಹಿಡಿದಿತ್ತು. ಹಳೆಯ ಪೇಪರ್ ನೋಡಬೇಕು ಅಂತ ಅವರ ಲೈಬ್ರರಿಗೆ ಹೋದೆ.

"ಹಳೇ ಪೇಪರ್ ಯಾಕೆ ಬೇಕು?" ಅಂತ ಕೇಳಿದರು.

"ಮೂವತ್ತು ವರ್ಷದಲ್ಲಿ ಇಂಥ ಮಳೆ ಬಂದಿಲ್ಲ ಅಂತ ಬರೀತಿದ್ದೀನಿ ಮೇಡಂ."

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಿದ್ದಾರೆ."

"ಎಲ್ಲರೂ ಅಳೆದಿದ್ದಾರಾ?"

ಮಾರನೆಯ ದಿನ ಬೆಳಗ್ಗೆ ಎಂಟು ಗಂಟೆಗೆ ಒಂದು ಸರ್ಕಾರಿ ಕಚೇರಿಯ ಆವರಣಕ್ಕೆ ಬರಲು ಹೇಳಿದರು. ಹೋದೆ. ಮೂಲೆಯಲ್ಲಿ ಸಣ್ಣ ಬೇಲಿಯ ಒಳಗೆ ಮಳೆ ಅಳೆಯುವ ಡಬ್ಬಿ ಇತ್ತು. ಓದುವ ಕಾಲದಿಂದ ಆ ದಾರಿಯಲ್ಲಿ ಓಡಾಡಿದ್ದರೂ ನಾನು ಅದನ್ನು ನೋಡಿರಲಿಲ್ಲ. ಎಂಟೂವರೆಗೆ ಒಬ್ಬ ವಯಸ್ಸಾದ ನೌಕರ ಕೊಡೆ ಹಿಡಿದುಕೊಂಡು ಬಂದ. ಒಳಗಿನ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಜೇಬಿನಲ್ಲಿದ್ದ ಪುಸ್ತಕದಲ್ಲಿ ಬರೆದುಕೊಂಡು ಹೋದ.

"ದಿನಾ ಬರ್ತಾನೆ," ಅಂದರು ಮೇಡಂ. "ಮಳೆ ಇಲ್ಲದ ದಿನ ಸೊನ್ನೆ ಬರೆಯೋಕೂ ಬರ್ತಾನೆ. ಅವನು ಬರೆದಿದ್ದನ್ನ ಓದದೆ ನೀನು ಮಳೆ ಬಗ್ಗೆ ಬರೆದ್ರೆ, ಅವನು ಇಷ್ಟು ವರ್ಷ ನೆನೆದಿದ್ದು ಯಾತಕ್ಕೆ?"

ಆ ದಿನ ಮಧ್ಯಾಹ್ನ ಹಳೆಯ ಮಳೆ ಪಟ್ಟಿಗಳನ್ನು ಲೈಬ್ರರಿಯ ಮೇಜಿನ ಮೇಲೆ ಹರಡಿಕೊಟ್ಟರು. ಕೆಲವೇ ವರ್ಷಗಳ ಹಿಂದೆ ಇದಕ್ಕಿಂತ ಹೆಚ್ಚು ಸುರಿದಿತ್ತು. ನನ್ನ ಶೀರ್ಷಿಕೆ ಅಲ್ಲಿಗೇ ಸತ್ತುಹೋಯಿತು. ಬದಲಿಗೆ ಮಳೆ ಅಳೆಯುವ ಆ ನೌಕರನ ಬಗ್ಗೆ ಒಂದು ಸಣ್ಣ ಬರಹ ಮಾಡಿದೆ. ಮೇಡಂ ಅದನ್ನು ಓದಿ, "ಪರವಾಗಿಲ್ಲ," ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು ಅಂತ ನನಗೆ ಆಮೇಲೆ ಗೊತ್ತಾಯಿತು.

ಅವರ ಲೈಬ್ರರಿಗೆ ಒಳಹೋಗುತ್ತಿದ್ದ ಹಾಗೆ ಎಡಗಡೆ ಒಂದು ಉದ್ದದ ಮೇಜು. ದಿನಾ ಬೆಳಗ್ಗೆ ಎಲ್ಲ ಪೇಪರ್‌ಗಳನ್ನು ಪೆನ್ಸಿಲ್ ಹಿಡಿದು ಓದಿ, ಒಂದೋ ಎರಡೋ ಸುದ್ದಿ ಆರಿಸಿ, ಆ ಪುಟವನ್ನು ಮೇಜಿನ ಮೇಲೆ ಇಡುವರು. ಪಕ್ಕದಲ್ಲಿ ಆ ಸುದ್ದಿಗೆ ಮೂಲವಾದ ಸರ್ಕಾರಿ ಕಾಗದ ಇರಬೇಕು. ಆದೇಶವೋ, ಸುತ್ತೋಲೆಯೋ, ವರದಿಯೋ, ರಾಜ್ಯಪತ್ರದ ಒಂದು ಹಾಳೆಯೋ. ಸಿಗದಿದ್ದರೆ, "ಹುಡುಕುತ್ತಿದ್ದೇನೆ" ಅಂತ ಚೀಟಿ ಬರೆದಿಡುವರು. ಆ ಚೀಟಿ ಎರಡು ದಿನಕ್ಕಿಂತ ಹೆಚ್ಚು ಇದ್ದದ್ದು ನಾನು ಕಂಡಿಲ್ಲ.

ಕಾಲ ಬದಲಾದ ಹಾಗೆ ಮೇಜೂ ಬದಲಾಗುತ್ತಿತ್ತು. ಜೂನ್‌ನಲ್ಲಿ ಶಾಲೆಯ ಪ್ರವೇಶದ ಸುತ್ತೋಲೆ. ಮಳೆಗಾಲದಲ್ಲಿ ಅಣೆಕಟ್ಟಿನ ನೀರಿನ ಮಟ್ಟದ ದಿನದ ವರದಿ, ಅಡಿಕೆಗೆ ಕೊಳೆ ಬಂದರೆ ತೋಟಗಾರಿಕೆಯವರ ಸಲಹಾ ಪತ್ರ. ಸುಗ್ಗಿಯ ಹೊತ್ತಿಗೆ ಮಾರುಕಟ್ಟೆ ಸಮಿತಿಯ ಧಾರಣೆ ಪಟ್ಟಿ. ಬೇಸಿಗೆ ಶುರುವಾಗುವ ಮುಂಚೆ ಮಂಗನ ಕಾಯಿಲೆಯ ಬಗ್ಗೆ ಆರೋಗ್ಯ ಇಲಾಖೆಯ ಪ್ರಕಟಣೆ. ಕಾಯಿಲೆ ಹರಡುವ ಉಣುಗು ಹುಳ ಕಚ್ಚದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಎಲ್ಲೆಲ್ಲಿ ಸಿಗುತ್ತದೆ ಅಂತ ಅವರೇ ಫೋನ್ ಮಾಡಿ ವಿಚಾರಿಸಿ ಬರೆದಿಡುತ್ತಿದ್ದರು. ವಿನೋಬನಗರದಿಂದ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಅವರು ಪೇಪರನ್ನು ಬಿಟ್ಟು ಬರೀ ಆ ಮೇಜನ್ನೇ ಓದಿ ಹೋಗುತ್ತಿದ್ದರು.

ಸರ್ಕಾರಿ ಆದೇಶ ಓದುವುದನ್ನೂ ಮೇಡಂ ಹೇಳಿಕೊಟ್ಟರು. ಕೊನೆಯ ಪುಟದಿಂದ ಶುರು ಮಾಡಬೇಕಂತೆ. ಅಲ್ಲಿ 'ಪ್ರತಿಗಳು' ಅಂತ ಒಂದು ಪಟ್ಟಿ ಇರುತ್ತದೆ, ಯಾವ ಯಾವ ಕಚೇರಿಗೆ ಇದು ಹೋಗಿದೆ ಅಂತ. "ಒಬ್ಬರು ಇಲ್ಲ ಅಂದ್ರೆ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತೆ. ಹತ್ತು ಬಾಗಿಲು ಬರೆದುಕೊಟ್ಟಿದ್ದಾರೆ, ನಾವು ಒಂದೇ ಬಾಗಿಲು ತಟ್ಟಿ ವಾಪಸ್ ಬರ್ತೀವಿ." ಆಮೇಲೆ ಮೊದಲ ಪುಟಕ್ಕೆ ಬಂದು 'ಓದಲಾಗಿದೆ' ಅನ್ನುವ ಭಾಗ ನೋಡಬೇಕು. ಈ ಆದೇಶಕ್ಕೆ ಮುಂಚೆ ಯಾವ ಪತ್ರಗಳು ಓಡಾಡಿವೆ ಅಂತ ಅಲ್ಲಿರುತ್ತದೆ. ನಡುವಿನದ್ದು ಕೊನೆಗೆ. ಅವರು ಓದುವಾಗ ಕನ್ನಡಕವನ್ನು ಹಣೆಗೆ ಏರಿಸಿ ಕಾಗದವನ್ನು ಮೂಗಿನ ಹತ್ತಿರ ತರುತ್ತಿದ್ದರು. ದೂರದ್ದು ನೋಡಲು ಕನ್ನಡಕ, ಹತ್ತಿರದ್ದಕ್ಕೆ ಬರಿಗಣ್ಣು. ಎದುರಿಗೆ ಯಾರಿದ್ದರೂ, ಎಷ್ಟು ದೊಡ್ಡ ಅಧಿಕಾರಿ ಇದ್ದರೂ, ಪೂರ್ತಿ ಓದಿ ಮುಗಿಸಿಯೇ ತಲೆ ಎತ್ತುವುದು.

ಇಷ್ಟೆಲ್ಲ ಕಲಿಸಿಕೊಂಡೂ ನಾನು ಅವರ ಮುಂದೆ ತಲೆ ತಗ್ಗಿಸುವ ಕೆಲಸ ಮಾಡಿದೆ. ಅವರ ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ನಡೆದದ್ದು ಅದು.

ಹಿಂದಿನ ಮಳೆಗಾಲದಲ್ಲಿ ಭದ್ರಾ ಹೊಳೆ ಉಕ್ಕಿ ಭದ್ರಾವತಿಯ ತಗ್ಗಿನ ಬೀದಿಗಳಿಗೆ ನೀರು ಬಂದಿತ್ತು. ಅದರಲ್ಲಿ ಒಂದು ಬೀದಿ ಹೊಳೆಗೆ ಇಳಿಜಾರಾಗಿತ್ತು. ಕೆಳಗೊಂದು ಸಾಲು ಮನೆ, ರಸ್ತೆ, ಮೇಲೊಂದು ಸಾಲು ಮನೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ತಮಿಳು ಮನೆಯವರು, ಮುಸ್ಲಿಮರು, ಒಂದೆರಡು ಲಿಂಗಾಯತರ ಮನೆ, ಹೀಗೆ ಎಲ್ಲರೂ ಬೆರೆತು ಇದ್ದ ಬೀದಿ. ಫೆಬ್ರವರಿಯಲ್ಲಿ ಒಂದು ದಿನ ನನಗೆ ಪರಿಚಯದ ಗುತ್ತಿಗೆದಾರರೊಬ್ಬರು ಮೊಬೈಲಿಗೆ ಒಂದು ಹಾಳೆಯ ಫೋಟೋ ಕಳಿಸಿದರು. ಆ ಬೀದಿಯ ಎರಡೂ ಸಾಲಿನ ಮನೆಗಳ ಪಟ್ಟಿ. ಮೇಲೆ 'ತೆರವುಗೊಳಿಸಬೇಕಾದ ಕಟ್ಟಡಗಳ ವಿವರ' ಅಂತ ಇತ್ತು. ಕಳಿಸಿದವರಿಗೆ ಫೋನ್ ಮಾಡಿದೆ. "ಪಕ್ಕಾ ಸುದ್ದಿ," ಅಂದರು. ಪುಟ ಕಟ್ಟುವ ಹೊತ್ತಾಗಿತ್ತು. ಬೇರೆಯವರಿಗೆ ಮೊದಲು ಸಿಕ್ಕಿಬಿಟ್ಟರೆ ಅನ್ನುವ ಆತುರ. 'ಹೊಳೆದಂಡೆಯ ಬೀದಿ ತೆರವಿಗೆ ಆದೇಶ' ಅಂತ ಬರೆದೆ. ಮೊದಲ ಪುಟದಲ್ಲಿ ಬಂತು.

ಮಾರನೆಯ ದಿನ ಲೈಬ್ರರಿಯಿಂದ ಫೋನ್. "ಬಾ ಇಲ್ಲಿ," ಅಂದರು ಮೇಡಂ, ಅಷ್ಟೇ.

ಹೋದೆ. ಮೇಜಿನ ಮೇಲೆ ನನ್ನ ಸುದ್ದಿ ಇತ್ತು. ಪಕ್ಕದ ಜಾಗ ಖಾಲಿ. ಚೀಟಿಯೂ ಇರಲಿಲ್ಲ.

"ಫೋಟೋ ತೋರಿಸು," ಅಂದರು. ತೋರಿಸಿದೆ. ಬೆರಳಲ್ಲಿ ಹಿಗ್ಗಿಸಿ ಕೆಳಗಿನ ಅಂಚಿಗೆ ಹೋದರು. ಅಲ್ಲಿ ಸಣ್ಣದಾಗಿ 'ಪುಟ 2' ಅಂತ ಇತ್ತು.

"ಇದು ಎರಡನೇ ಪುಟ. ಒಂದನೇದು ಎಲ್ಲಿ? ಮೂರನೇದು ಎಲ್ಲಿ?"

"ಇಷ್ಟೇ ಬಂದಿದ್ದು ಮೇಡಂ."

"ಬಂದಿದ್ದು ಇಷ್ಟೇ. ಇದ್ದಿದ್ದು ಇಷ್ಟೇನಾ?" ಅಂದರು. ಧ್ವನಿ ಏರಿಸಲಿಲ್ಲ. "ಆ ಬೀದೀಲಿ ನಿನ್ನೆಯಿಂದ ಒಲೆ ಹಚ್ಚಿಲ್ಲ ಮಾರಾಯ್ತಿ. ಒಬ್ಬರು ಹೆಂಚು ಇಳಿಸೋಕೆ ಶುರು ಮಾಡಿದ್ದಾರೆ. ಮಗಳ ಮದುವೆ ಗೊತ್ತಾಗಿದ್ದ ಮನೆಯವರಿಗೆ ಬೀಗರು ಫೋನ್ ಮಾಡಿ, ಮನೆ ಇರುತ್ತೋ ಇಲ್ಲವೋ ಅಂತ ಕೇಳಿದ್ದಾರೆ."

ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ. ಬ್ಯಾಗಿಗೆ ನೀರಿನ ಬಾಟಲಿ ಹಾಕಿಕೊಂಡು, ಅರ್ಧ ದಿನದ ರಜೆಯ ಚೀಟಿ ಬರೆದಿಟ್ಟು, "ನಡಿ, ಉಳಿದ ಪುಟ ಹುಡುಕೋಣ," ಅಂದರು.

ಬೀದಿಯ ಜನ ಆಗಲೇ ಭದ್ರಾವತಿಯ ಕಚೇರಿಗಳಿಗೆ ಹೋಗಿ ಕೇಳಿದ್ದರು. ಎಲ್ಲ ಕಡೆ, "ನಮ್ಮಿಂದ ಅಂಥ ಆದೇಶ ಹೋಗಿಲ್ಲ," ಅಂತಲೇ ಉತ್ತರ. ಅದು ನಿಜವೂ ಆಗಿತ್ತು. ಮೇಡಂ ಫೋಟೋದ ಬಲಮೂಲೆಯನ್ನು ಮತ್ತೆ ಮತ್ತೆ ನೋಡಿದರು. ಕಡತದ ಸಂಖ್ಯೆ ಅರ್ಧ ಕತ್ತರಿಸಿಹೋಗಿತ್ತು. ಮೊದಲ ಎರಡು ಅಕ್ಷರ ಮಾತ್ರ ಕಾಣುತ್ತಿದ್ದವು. "ಇದು ಕಂದಾಯದವರದ್ದೂ ಅಲ್ಲ, ಊರಾಡಳಿತದವರದ್ದೂ ಅಲ್ಲ," ಅಂದರು. "ಇದು ನೀರಾವರಿಯವರ ಕಡತ. ಎಲ್ಲರೂ ಬೇರೆ ಬಾಗಿಲು ತಟ್ಟಿದ್ದಾರೆ."

ಆ ಇಲಾಖೆಯ ಒಂದು ಕಚೇರಿ ಶಿವಮೊಗ್ಗದಲ್ಲೇ ಇತ್ತು. ಲೈಬ್ರರಿಯಿಂದ ಆಟೋದಲ್ಲಿ ಹತ್ತು ನಿಮಿಷ. ಅಲ್ಲಿನ ಗುಮಾಸ್ತರು ನಮ್ಮನ್ನು ನೋಡಿ, "ಪ್ರಕಟ ಮಾಡಿದ್ದೇವಲ್ಲ ಮೇಡಂ, ಬೋರ್ಡಿನಲ್ಲಿದೆ," ಅಂದರು. ನೋಟೀಸ್ ಬೋರ್ಡಿನಲ್ಲಿ ಟೆಂಡರ್ ಪ್ರಕಟಣೆಗಳೇ ತುಂಬಿದ್ದವು. ಮೇಡಂ ಕನ್ನಡಕ ಹಣೆಗೇರಿಸಿ ಒಂದೊಂದೇ ಹಾಳೆಯ ತುದಿ ಎತ್ತಿ ನೋಡುತ್ತ ಹೋದರು. ಮೂರು ಟೆಂಡರ್‌ಗಳ ಅಡಿಯಲ್ಲಿ ಸಿಕ್ಕಿತು. ಮೂರು ಪುಟ, ಕೊನೆಗೊಂದು ನಕ್ಷೆ.

ಮೊದಲ ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 'ಕರಡು ಅಧಿಸೂಚನೆ' ಅಂತ ಇತ್ತು. ಅಂದರೆ ಇನ್ನೂ ಆದೇಶವೇ ಆಗಿರಲಿಲ್ಲ. ಪ್ರವಾಹ ಬರುವ ಜಾಗ ಇಷ್ಟು ಅಂತ ಗುರುತು ಮಾಡಿ ಜನರ ಮುಂದೆ ಇಟ್ಟಿದ್ದರು. ಮೂರನೆಯ ಪುಟದಲ್ಲಿ, ಪ್ರಕಟವಾದ ದಿನದಿಂದ ಮೂವತ್ತು ದಿನದ ಒಳಗೆ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಕೊಡಬಹುದು, ಬಾರದಿದ್ದರೆ ಇದನ್ನೇ ಅಂತಿಮ ಮಾಡಲಾಗುವುದು ಅಂತ ಇತ್ತು. ಮೇಡಂ ಬೆರಳು ಮಡಚಿ ದಿನ ಎಣಿಸಿದರು.

"ಇಪ್ಪತ್ನಾಲ್ಕು ಕಳೆದುಹೋಗಿದೆ. ಆರು ದಿನ ಇದೆ."

ನಾನು ಬರೆದದ್ದು ತಪ್ಪು ಅನ್ನುವುದಷ್ಟೇ ಆಗಿದ್ದರೆ ಒಂದು ಮಾತು. ಆದೇಶ ಆಗಿಹೋಗಿದೆ ಅಂತ ಬರೆದು, ಆಕ್ಷೇಪಣೆ ಕೊಡಬಹುದಾಗಿದ್ದ ಜನರ ಕೈ ಕಟ್ಟಿ ಕೂರಿಸಿದ್ದೆ. ಆಫೀಸಿಗೆ ಹೋಗಿ ಸಂಪಾದಕರಿಗೆ ಹೇಳಿದೆ. ಒಳಗಿನ ಪುಟದಲ್ಲಿ ಎರಡು ಸಾಲು ಸ್ಪಷ್ಟನೆ ಹಾಕೋಣ ಅಂದರು. ನಾನು ಬರುವಾಗಲೇ ಮೇಡಂ ಹೇಳಿ ಕಳಿಸಿದ್ದರು: "ಎಲ್ಲಿ ಹೆದರಿಸಿದ್ದೀರೋ ಅಲ್ಲೇ ಧೈರ್ಯ ಹೇಳಬೇಕು. ಅದೇ ಪುಟ, ಅಷ್ಟೇ ದೊಡ್ಡ ಅಕ್ಷರ." ನಾನು ಸಂಪಾದಕರ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಇದು ಬರದಿದ್ದರೆ ನಾಳೆಯಿಂದ ನಾನೂ ಬರುವುದಿಲ್ಲ ಅಂದೆ. ನಾನು ಹಾಗೆ ಮಾತಾಡುವವಳಲ್ಲ. ಅವರಿಗೂ ಆಶ್ಚರ್ಯವಾಗಿರಬೇಕು. "ನಾಲ್ಕು ಕಾಲಂ ಸಾಕಾ?" ಅಂತ ಕೇಳಿದರು. ಮಾರನೆಯ ದಿನ ಮೊದಲ ಪುಟದಲ್ಲಿ, ನಮ್ಮ ಸುದ್ದಿ ತಪ್ಪು, ಆಕ್ಷೇಪಣೆಗೆ ಇನ್ನೂ ಸಮಯ ಇದೆ ಅಂತ ಬಂತು. ಎಲ್ಲಿ ಕೊಡಬೇಕು, ಹೇಗೆ ಬರೆಯಬೇಕು ಅನ್ನುವುದೂ ಬಂತು.

ಮೇಡಂ ಉಳಿದ ಐದು ದಿನಕ್ಕೂ ರಜೆ ಹಾಕಿದರು. ಬೆಳಗ್ಗೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಇಬ್ಬರೂ ಭದ್ರಾವತಿಗೆ ಹೋಗುತ್ತಿದ್ದೆವು. ಆ ಬೀದಿಯ ಮೇಲಿನ ಸಾಲಿನಲ್ಲಿ ಸೆಲ್ವಮ್ಮ ಅನ್ನುವವರ ಮನೆ. ಗಂಡ ಕಾರ್ಖಾನೆಯ ಫರ್ನೇಸಿನಲ್ಲಿ ಕೆಲಸ ಮಾಡಿ ತೀರಿಕೊಂಡಿದ್ದರು. ಅವರ ಜಗಲಿಯ ಮೇಲೆ ಚಾಪೆ ಹಾಸಿ ಕೂತು ಮೇಡಂ ನಕ್ಷೆ ಹರಡಿದರು. ಇಲಾಖೆಯವರು ಹೊಳೆಯ ಕಡೆಯಿಂದ ಒಂದು ಗೆರೆ ಎಳೆದು ಎರಡೂ ಸಾಲನ್ನು ಒಳಗೆ ಸೇರಿಸಿದ್ದರು.

"ಮೇಲಿನ ಸಾಲಿಗೆ ನೀರು ಬಂದಿತ್ತಾ?" ಅಂತ ಮೇಡಂ ಕೇಳಿದರು.

"ಇಲ್ಲೇ ಇಲ್ಲ," ಅಂದರು ಸೆಲ್ವಮ್ಮ, ತಮಿಳು ಬೆರೆತ ಕನ್ನಡದಲ್ಲಿ. "ರೋಡ್ ತನಕ ಬಂದಿಚ್ಚು, ಅಲ್ಲೇ ನಿಂತಿಚ್ಚು. ಕೆಳಗಿನವರೆಲ್ಲ ನಮ್ಮ ಮನೇಲೇ ತಾನೆ ಇದ್ದಿದ್ದು?"

"ನೀವು ಹೇಳಿದ್ರೆ ಅದು ಬರೀ ಮಾತು. ಸರ್ಕಾರದ ಕಾಗದಕ್ಕೆ ಸರ್ಕಾರದ ಕಾಗದವೇ ಉತ್ತರ ಹೇಳಬೇಕು. ನೀರು ಇಳಿದ ಮೇಲೆ ಯಾರಾದ್ರೂ ಬಂದು ಬರೆದುಕೊಂಡು ಹೋದ್ರಾ?"

ಬಂದಿದ್ದರು. ಕಂದಾಯ ಇಲಾಖೆಯವರು ಮನೆ ಮನೆಗೂ ಹೋಗಿ, ಎಷ್ಟು ನೀರು ನಿಂತಿತ್ತು, ಏನು ಹಾಳಾಯಿತು ಅಂತ ಬರೆದು, ಸಹಿ ಹಾಕಿಸಿಕೊಂಡು ಮಹಜರು ಮಾಡಿದ್ದರು. ಆ ಮಹಜರು ಬೇಕು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಮೂವತ್ತು ದಿನ ಕಾಯಬೇಕಾಗಬಹುದು. ಮೇಡಂ ಆ ದಾರಿಗೆ ಹೋಗಲಿಲ್ಲ. ಅವರ ಕಡತಗಳನ್ನು ಇಡುವ ರೆಕಾರ್ಡ್ ರೂಮಿಗೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟರು. ಅಲ್ಲಿನವರು, "ಹುಡುಕಬೇಕು, ವಾರ ಆಗುತ್ತೆ," ಅಂದರು. "ಹುಡುಕಿ, ನಾನು ಇಲ್ಲೇ ಇರ್ತೀನಿ," ಅಂತ ಹೊರಗಿನ ಬೆಂಚಿನ ಮೇಲೆ ಕೂತರು. ಒಂದು ಇಡೀ ದಿನ ಕೂತರು. ಎರಡನೆಯ ದಿನ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿದ್ದರು. ಮಧ್ಯಾಹ್ನ ಮೂರಕ್ಕೆ ನಕಲು ಕೈಗೆ ಬಂತು.

ಮಹಜರಿನಲ್ಲಿ ಇದ್ದದ್ದು ಕೆಳಗಿನ ಸಾಲಿನ ಮನೆಗಳು ಮಾತ್ರ. ಕೊನೆಯಲ್ಲಿ, 'ರಸ್ತೆಯ ಮೇಲ್ಭಾಗದ ಮನೆಗಳಿಗೆ ನೀರು ನುಗ್ಗಿರುವುದಿಲ್ಲ' ಅಂತ ಒಂದು ಸಾಲು. ಬರೆದವನು ಯಾರೋ, ಯಾವ ಮನಸ್ಸಿನಲ್ಲಿ ಬರೆದನೋ. ಸೆಲ್ವಮ್ಮನ ಜಗಲಿಗೆ ಬಂದು ಮೇಡಂ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಜಗಲಿಯಲ್ಲಿ ಕೂತಿದ್ದ ಮೇಲಿನ ಸಾಲಿನವರ ಮುಖಕ್ಕೆ ಜೀವ ಬಂತು.

ಆಮೇಲೆ ಅವರು ಕೆಳಗಿನ ಸಾಲಿನವರ ಕಡೆ ತಿರುಗಿದರು.

"ನಿಮಗೆ ನಾನು ಸುಳ್ಳು ಹೇಳೋಲ್ಲ. ನಿಮ್ಮ ಮನೆಗಳಿಗೆ ನೀರು ಬಂದಿದೆ ಅಂತ ಇದೇ ಕಾಗದ ಹೇಳುತ್ತೆ. ನಿಮ್ಮ ಸಾಲು ಉಳಿಯೋದು ಕಷ್ಟ. ಆದ್ರೆ ಸುಮ್ಮನೆ ಎಬ್ಬಿಸಿ ಕಳಿಸೋ ಹಾಗಿಲ್ಲ. ಎತ್ತರದಲ್ಲಿ ಜಾಗ ಕೊಟ್ಟು, ಹಕ್ಕುಪತ್ರ ಕೊಟ್ಟು ಆಮೇಲೆ ಎಬ್ಬಿಸಿ ಅಂತ ಬರೆಯೋಣ."

ಗೋಡೆಗೆ ಒರಗಿ ನಿಂತಿದ್ದ ಒಬ್ಬರು ಮುಂದೆ ಬಂದರು. ಅರವತ್ತರ ಆಸುಪಾಸು, ಕೈಯಲ್ಲಿ ಗ್ರೀಸಿನ ಕಲೆ. ಮೇಡಂ ಹತ್ತಿರ ದಖನಿ ಉರ್ದುವಿನಲ್ಲಿ ಏನೋ ಕೇಳಿದರು. ಮೇಡಂ ಕನ್ನಡದಲ್ಲೇ ಉತ್ತರ ಕೊಟ್ಟರು, ಎಲ್ಲರಿಗೂ ಕೇಳಲಿ ಅಂತ ಇರಬೇಕು.

"ಹೌದು ಭಾಯಿ. ನಮ್ಮ ಮನೆಯೂ ಸೇರಿ."

ಇವರು ಮೇಡಂ ಅಣ್ಣ ಅಂತ ಆಗಲೇ ನನಗೆ ಗೊತ್ತಾದದ್ದು. ಮಹಜರಿನಲ್ಲಿ ನಾಲ್ಕನೆಯದು ಅವರು ಹುಟ್ಟಿದ ಮನೆ. ಅಣ್ಣ ಅಲ್ಲಿ ಸಂಸಾರ ಮಾಡಿಕೊಂಡು, ಮುಂದುಗಡೆ ಗಾಡಿ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದರು. ಮೂರು ದಿನ ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತು ಬಂದರೂ ಮೇಡಂ ಅದನ್ನು ಹೇಳಿರಲಿಲ್ಲ.

ಅಣ್ಣ ಈಗ ಕನ್ನಡಕ್ಕೆ ಬಂದರು. "ಎಲ್ಲರದ್ದೂ ಬರೆದುಕೊಡ್ತಿದ್ದೀಯ. ನಮ್ಮದರಲ್ಲಿ ನೀರು ಹೊಸ್ತಿಲ ತನಕ ಬಂತು, ಒಳಗೆ ಬರಲಿಲ್ಲ ಅಂತ ಬರಿ. ಅಷ್ಟೇ ನಾನು ಕೇಳೋದು."

"ಒಳಗೆ ಬಂದಿತ್ತು ಭಾಯಿ. ಅಮ್ಮೀಜಾನ್ ಮಂಚ ತೇಲಿತ್ತು. ನೀನೇ ಫೋನ್ ಮಾಡಿ ಹೇಳಿದ್ದೆ."

"ಅಬ್ಬಾ ಕಟ್ಟಿದ ಮನೆ ಅದು."

"ಗೊತ್ತು. ನಾನು ಸುಳ್ಳು ಬರೆದ್ರೆ ಈ ಮೇಲಿನ ಸಾಲಿನವರ ನಿಜವನ್ನೂ ಯಾರೂ ನಂಬೋಲ್ಲ. ನಮ್ಮದೊಂದು ಮನೆಗೋಸ್ಕರ ಇವರೆಲ್ಲರದ್ದೂ ಹೋಗುತ್ತೆ."

ಅಣ್ಣ ಅಲ್ಲಿಂದ ಇಳಿದು ಹೋದರು. ಮೇಡಂ ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿ, "ಮುಂದಿನವರು ಬನ್ನಿ," ಅಂದರು. ಮತ್ತೆ ಬರೆಯತೊಡಗಿದರು. ಒಂದಕ್ಷರವೂ ಕೆಡಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ನೋಡಿದೆ.

ಕೊನೆಯ ದಿನ ಮಧ್ಯಾಹ್ನದ ಒಳಗೆ ಎರಡೂ ಸಾಲಿನ ಎಲ್ಲ ಮನೆಯವರ ಆಕ್ಷೇಪಣೆಗಳೂ ನೀರಾವರಿ ಕಚೇರಿಗೆ ತಲುಪಿದವು. ಅಣ್ಣನದ್ದು ಬಿಟ್ಟು. ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆಯಬೇಕು, ಬರೆಯಲು ಬಾರದವರು ಹೇಳಿ ಬರೆಸಬೇಕು ಅಂತ ಮೇಡಂ ಹಟ. ಒಂದೇ ಥರದ ಕಾಗದಕ್ಕೆ ಐವತ್ತು ಸಹಿ ಹಾಕಿದರೆ ಅದನ್ನು ಒಂದೇ ಆಕ್ಷೇಪಣೆ ಅಂತ ತಳ್ಳಿಬಿಡುತ್ತಾರೆ ಅನ್ನುವರು. ಪ್ರತಿಯೊಂದಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಅಲ್ಲಿಂದ ಎದ್ದದ್ದು.

ಇದಕ್ಕೆ ಅವರು ಬೆಲೆ ತೆರದೆ ಇರಲಿಲ್ಲ. ಸರ್ಕಾರಿ ನೌಕರರಾಗಿದ್ದು ಜನರನ್ನು ಸರ್ಕಾರದ ಮೇಲೆ ಎತ್ತಿಕಟ್ಟಿದ್ದಾರೆ ಅಂತ ಯಾರೋ ದೂರು ಕೊಟ್ಟರು. ವಿವರಣೆ ಕೇಳಿ ಮೇಲಿನಿಂದ ಮೆಮೋ ಬಂತು. ನಾನು ಹೆದರಿ ಓಡಿ ಹೋದೆ. ಅವರು ಆಗಲೇ ಉತ್ತರ ಬರೆದಿಟ್ಟಿದ್ದರು. ನಾಲ್ಕೇ ಸಾಲು. 'ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು ಎಂದು ಸರ್ಕಾರವೇ ಕರೆದಿದೆ. ಆ ಕರೆ ಸಾರ್ವಜನಿಕರಿಗೆ ತಲುಪಿರಲಿಲ್ಲ. ಗ್ರಂಥಪಾಲಕಿಯಾಗಿ ತಲುಪಿಸಿದ್ದೇನೆ. ಅಧಿಸೂಚನೆಯ ಮೂರನೆಯ ಪುಟ ಲಗತ್ತಿಸಿದೆ.' ಆ ಮೆಮೋ ಮುಂದೆ ಹೋಗಲಿಲ್ಲ. ಆದರೆ ನಿವೃತ್ತಿಯ ತನಕ ಅವರಿಗೆ ಬರಬೇಕಿದ್ದ ಹೊಸ ಪುಸ್ತಕದ ಕಪಾಟು ಬರಲೇ ಇಲ್ಲ.

ಒಂದು ಬುಧವಾರ ವಿಚಾರಣೆ ನಡೆಯಿತು. ಆಕ್ಷೇಪಣೆ ಕೊಟ್ಟವರು ಮಾತ್ರ ಒಳಗೆ ಮಾತಾಡಬಹುದು. ಮೇಡಂ ಹೊರಗೆ ಕಾರಿಡಾರಿನಲ್ಲಿ ಕೂತರು. ವರದಿಗಾರ್ತಿ ಅಂತ ನನ್ನನ್ನು ಒಳಗೆ ಬಿಟ್ಟರು. ಮೇಲಿನ ಸಾಲಿನ ಪರವಾಗಿ ಸೆಲ್ವಮ್ಮ ಎದ್ದರು. ಅಧಿಕಾರಿ, "ನಮ್ಮ ನಕ್ಷೆ ತಪ್ಪು ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ಸೆಲ್ವಮ್ಮ ಮಹಜರಿನ ನಕಲನ್ನು ಮೇಜಿನ ಮೇಲಿಟ್ಟು, "ನಾನು ಹೇಳ್ತಾ ಇಲ್ಲ ಸಾರ್. ನಿಮ್ಮೋರೇ ಹೇಳಿರೋದು. ಕೊನೇ ಲೈನು ಓದಿ," ಅಂದರು. ಅಧಿಕಾರಿ ಓದಿದರು. ಪಕ್ಕದವರಿಗೆ ಕೊಟ್ಟರು. ಅವರೂ ಓದಿದರು. ಜಾಗಕ್ಕೆ ಬಂದು ಮತ್ತೆ ಅಳತೆ ಮಾಡುತ್ತೇವೆ ಅಂದರು.

ಹಾಗೇ ಮಾಡಿದರು. ಅಂತಿಮ ಅಧಿಸೂಚನೆ ಬಂದಾಗ ಗೆರೆ ರಸ್ತೆಗೆ ಸರಿದಿತ್ತು. ಮೇಲಿನ ಸಾಲು ಹೊರಗುಳಿಯಿತು. ಕೆಳಗಿನ ಸಾಲಿಗೆ ಎತ್ತರದ ಒಂದು ಬಡಾವಣೆಯಲ್ಲಿ ನಿವೇಶನ, ಹಕ್ಕುಪತ್ರ ಕೈಗೆ ಬಂದ ಮೇಲೆಯೇ ತೆರವು ಅಂತ ಇತ್ತು. ಅದು ಆಗಲು ಎರಡು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಮೇಡಂ ನಿವೃತ್ತರಾಗಿದ್ದರು. ಅಷ್ಟೂ ಕಾಲ ಅಣ್ಣ ಅವರ ಹತ್ತಿರ ಮಾತಾಡಲಿಲ್ಲ. ಎರಡು ರಂಜಾನ್ ಹಬ್ಬಕ್ಕೂ ಕರೆಯಲಿಲ್ಲ. ಮೇಡಂ ಮಾತ್ರ ಪ್ರತಿ ವಾರ ಭದ್ರಾವತಿಗೆ ಹೋಗಿ, ಹಕ್ಕುಪತ್ರದ ಕಡತ ಯಾವ ಮೇಜಿನಲ್ಲಿದೆ ಅಂತ ವಿಚಾರಿಸಿ, ಅಣ್ಣನ ಮನೆ ಒಂದನ್ನು ಬಿಟ್ಟು ಉಳಿದವರ ಮನೆಗೆಲ್ಲ ಹೋಗಿ ಹೇಳಿ ಬರುತ್ತಿದ್ದರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಅಣ್ಣನಿಗೆ ದಾಟಿಸುತ್ತಿದ್ದರು. ಅಣ್ಣ ಕೊಡದೆ ಇದ್ದ ನಿವೇಶನದ ಅರ್ಜಿಯನ್ನು ಅತ್ತಿಗೆಯ ಹೆಸರಿನಲ್ಲಿ ಬರೆಸಿ, ಆ ಪಕ್ಕದ ಮನೆಯಲ್ಲೇ ಅತ್ತಿಗೆಯಿಂದ ಸಹಿ ಹಾಕಿಸಿದ್ದೂ ಅವರೇ. ಹಾಗಾಗಿ ಆ ಮನೆಯ ಹಕ್ಕುಪತ್ರ ಅತ್ತಿಗೆಯ ಹೆಸರಿಗೆ ಬಂತು.

ಅಣ್ಣನ ಮನೆಯವರು ಹೊಸ ಜಾಗಕ್ಕೆ ಹೋದ ಮೇಲೆ ಒಂದು ಸಲ ಮೇಡಂಗೆ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಾನು ಆಸ್ಪತ್ರೆಗೆ ಹೋದಾಗ ಅತ್ತಿಗೆ ಪಕ್ಕದಲ್ಲಿದ್ದರು. ಅಣ್ಣ ಹೊರಗೆ ಔಷಧಿ ಚೀಟಿ ಹಿಡಿದು ನಿಂತಿದ್ದರು. ಆಸ್ಪತ್ರೆಯಿಂದ ಅವರನ್ನು ಕರೆದುಕೊಂಡು ಹೋದದ್ದು ಆ ಹೊಸ ಮನೆಗೇ. ಕೊನೆಯ ಎರಡು ವರ್ಷ ಅಲ್ಲೇ ಇದ್ದರು. ನಾನು ಹೋದಾಗಲೆಲ್ಲ ಮಂಚದ ಮೇಲೆ ಪೇಪರು, ಪೆನ್ಸಿಲ್. ಬಡಾವಣೆಯ ಹೆಂಗಸರು ಪಡಿತರ ಚೀಟಿ, ಪಿಂಚಣಿ ಅಂತ ಏನಾದರೂ ಹಿಡಿದುಕೊಂಡು ಬಂದಿರುತ್ತಿದ್ದರು. ಮೊಬೈಲಿನಲ್ಲಿ ಇಲಾಖೆಯ ಪುಟ ತೆಗೆದು ಓದಿ ಹೇಳುವುದನ್ನು ಅಣ್ಣನ ಮೊಮ್ಮಗಳಿಗೆ ಕಲಿಸಿದ್ದರು.

ಮೇಡಂ ತೀರಿಕೊಂಡ ದಿನ ಅಣ್ಣನ ಹತ್ತಿರ ಮಾತಾಡಿ ಫೋನ್ ಇಟ್ಟವಳು ನೇರ ಭದ್ರಾವತಿಗೆ ಹೋದೆ. ಆಗಸ್ಟ್ ತಿಂಗಳು. ಹಿಂದಿನ ದಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬಸ್ಸು ಸೇತುವೆ ದಾಟುವಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮನೆಯ ಮುಂದೆ ಜನ ಸೇರಿದ್ದರು. ಸೆಲ್ವಮ್ಮ ಬಂದಿದ್ದರು. ಮಳೆ ಅಳೆಯುತ್ತಿದ್ದ ಆ ವಯಸ್ಸಾದವನೂ ಶಿವಮೊಗ್ಗದಿಂದ ಬಂದು ಗೇಟಿನ ಹತ್ತಿರ ನಿಂತಿದ್ದ. ಅವನಿಗೂ ಮೇಡಂಗೂ ಇಷ್ಟು ಬಳಕೆ ಇತ್ತು ಅಂತ ನನಗೆ ಗೊತ್ತಿರಲಿಲ್ಲ.

ಸಂಜೆ ಎಲ್ಲ ಮುಗಿದ ಮೇಲೆ ಅಣ್ಣ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುತ್ತೇನೆ ಅಂತ ಬಂದರು. ಸ್ಕೂಟರನ್ನು ಹಳೆಯ ಬೀದಿಯ ಕಡೆ ತಿರುಗಿಸಿದರು. ಸೆಲ್ವಮ್ಮನ ಮನೆಯ ಮುಂದೆ, ರಸ್ತೆಯಲ್ಲಿ ನಿಲ್ಲಿಸಿದರು. ಕೆಳಗಿನ ಸಾಲು ಇದ್ದ ಜಾಗದಲ್ಲಿ ಈಗ ಬರೀ ತಳಪಾಯಗಳು. ಅವುಗಳ ಮೇಲೆ ಹೊಳೆ ಹರಿಯುತ್ತಿತ್ತು. ಎಲ್ಲಿ ಯಾರ ಮನೆ ಇತ್ತು ಅಂತ ಹೇಳಲು ಬರುವಂತಿರಲಿಲ್ಲ.

ಅಣ್ಣ ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಅಂದರು, "ಎರಡು ವರ್ಷ ಮಾತು ಬಿಟ್ಟಿದ್ದೆನಮ್ಮ. ಅದಕ್ಕೆ ಒಂದು ಸಲ ಮಾಫಿ ಕೇಳಬೇಕು ಅಂತ ಇತ್ತು. ಕೇಳಿದೆ, ಹೋದ ತಿಂಗಳು."

"ಏನಂದ್ರು?"

"'ನೀನು ಮಾತು ಬಿಟ್ಟಿದ್ದಕ್ಕೆ ನನಗೆ ಕೋಪ ಇಲ್ಲ ಭಾಯಿ. ನಿನ್ನ ಮನೆ ಹೋಗುತ್ತೆ ಅಂತ ಎಲ್ಲರ ಎದುರಿಗೆ ಹೇಳಬೇಕಾಯ್ತಲ್ಲ, ಮೊದಲು ಒಳಗೆ ಬಂದು ನಿನಗೊಬ್ಬನಿಗೆ ಹೇಳಬೇಕಿತ್ತು. ಅದು ನನ್ನ ತಪ್ಪು' ಅಂದಳು."

ಮಳೆ ಮತ್ತೆ ಹನಿಯತೊಡಗಿತು. ಅಣ್ಣ ಸ್ಕೂಟರ್ ಸ್ಟಾರ್ಟ್ ಮಾಡಿ, "ಹತ್ತಮ್ಮ, ಬಸ್ಸು ಹೋಗಿಬಿಡುತ್ತೆ," ಅಂದರು.